ಗೌಡರು ರೈಸ್ ಮಾಡಿದರೆ

ಮೂಡಿಗೆರೆ ಕಡೆ ಆಷಾಢದ ಮಳೆ ಹಿಡಿದರೆ ತೋಟದ ಕೆಲಸವೂ ನಿಲ್ಲುತ್ತದೆ, ಕರೆಂಟೂ ಹೋಗುತ್ತದೆ. ಆಗ ನಮ್ಮ ಜಗಲಿಯಲ್ಲಿ ನನ್ನ ಪೋಕರ್ ಪಾಠ. ದುಡ್ಡಿನ ಮಾತಿಲ್ಲ. ಆನ್‌ಲೈನಿನಲ್ಲಿ ಹಣ ಕಟ್ಟಿ ಆಡುವುದನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ. ಜಗಲಿಯಲ್ಲೂ ನನಗೆ ಆ ತಂಟೆ ಬೇಡ. ರೊಬಸ್ಟಾ ಕಾಫಿ ಬೀಜಕ್ಕೆ ಒಂದು, ಅರೇಬಿಕಾಕ್ಕೆ ಐದು, ಅಷ್ಟೇ ನಮ್ಮ ನಾಣ್ಯ.

"ಜೋಡಿ ಎಕ್ಕ ಬಂದ್ರೂ ನಾಲ್ಕು ಬೀಜ ಹುಟ್ಟಲ್ವಲ್ಲ ಮಾರಾಯ್ರೇ!" ಇದು ಪಕ್ಕದ ತೋಟದ ಗೌಡರ ದೂರು. ಅವರು ರೈಸ್ ಮಾಡುವುದು, ಅಂದರೆ ಪಣ ಏರಿಸುವುದು, ಎಕ್ಕ, ರಾಜ, ರಾಣಿ, ಗುಲಾಮ ಇವುಗಳ ಜೋಡಿಗೆ, ಇಲ್ಲವೇ ಎಕ್ಕ-ರಾಜ ಕೂಡಿ ಬಂದಾಗ ಮಾತ್ರ. ಆಟದ ಶುರುವಿಗೆ ಒಬ್ಬೊಬ್ಬರ ಕೈಗೆ ಎರಡೆರಡು ಎಲೆ. 52 ಎಲೆಗಳಿಂದ ಅಂಥ ಕೈ 1,326 ಬಗೆ ಆಗುತ್ತದೆ. ಒಂದೊಂದು ಜೋಡಿ 6 ಬಗೆ, ಎಕ್ಕ-ರಾಜ 16 ಬಗೆ. ಗೌಡರದ್ದು ಒಟ್ಟು 40. ಸುಮಾರು 33 ಆಟಕ್ಕೊಮ್ಮೆ ಬಾಯಿ ಬಿಡುತ್ತಾರೆ, ಬಿಟ್ಟ ಕೂಡಲೇ ಎಲ್ಲರೂ ಎಲೆ ಕೆಳಗಿಟ್ಟು ಆ ಆಟ ಬಿಡುತ್ತಾರೆ. ಮೇಲಾಗಿ ರೈಸ್ ಮಾಡುವ ಮುಂಚೆ ಕಾಫಿ ಲೋಟ ಪಕ್ಕಕ್ಕೆ ಸರಿಸುವ ಅಭ್ಯಾಸ ಬೇರೆ!

ಒಂದೇ ಗುರುತಿನ 8-7, 7-6, 6-5 ಬಂದಾಗಲೂ ಕೆಲವೊಮ್ಮೆ ರೈಸ್ ಮಾಡಿ ಎಂದೆ. ಆಮೇಲೆ ಎಲ್ಲರಿಗೂ ಸೇರಿದ ಎಲೆಗಳಾಗಿ ಮೇಜಿನ ಮೇಲೆ 5-6-9 ಬಿದ್ದರೆ 'ಇದು ಗೌಡರಿಗೆ ತಾಗಿಲ್ಲ' ಎಂದು ಯಾರೂ ಧೈರ್ಯವಾಗಿ ಹೇಳಲಾಗದು. ಆದರೆ 'ಕೆಲವೊಮ್ಮೆ' ಎಂಬುದೇ ಕಷ್ಟ. ಮನಸ್ಸಿಗೆ ಬಿಟ್ಟರೆ ನಾವು ಬೇಜಾರಾದಾಗ, ಸೋತ ಮೇಲೆ, ಆಗಷ್ಟೇ ಕೆಣಕುತ್ತೇವೆ. ಎದುರಿನವರು ಅದನ್ನೂ ಓದುತ್ತಾರೆ. ಆದ್ದರಿಂದ ತೀರ್ಮಾನ ಎಲೆಗೇ ಬಿಡಿ: ಇಸ್ಪೀಟ್, ಆಟೀನ್ ಆದರೆ ರೈಸ್, ಉಳಿದೆರಡು ಗುರುತಾದರೆ ಕೆಳಗೆ. ಹೊಸದಾಗಿ ಸೇರುವುದು 6 ಬಗೆ ಮಾತ್ರ. 46ರಲ್ಲಿ 6, ಸಂಶಯ ಹುಟ್ಟಿಸಲು ಸಾಕು. ಎಲೆ ಯಾವುದೇ ಇರಲಿ, ರೈಸ್ ಮೂರು ಬೀಜ ಎಂದರೆ ಮೂರೇ. ನಿಮ್ಮ ಸರದಿ ಕೊನೆಗೆ ಬರುವಾಗ ಮಾಡಿದರೆ ಇನ್ನೂ ಒಳ್ಳೆಯದು. ಎದುರಿನವರು ಮತ್ತೆ ದೊಡ್ಡದಾಗಿ ಏರಿಸಿದರೆ ಸಣ್ಣ ಎಲೆ ಬಿಟ್ಟುಬಿಡಿ. ಜೋಡಿ ಎಕ್ಕದೆದುರು 8-7 ಗೆಲ್ಲುವುದು ನಾಲ್ಕರಲ್ಲಿ ಒಂದು ಸಲಕ್ಕಿಂತ ಕಡಿಮೆ.

ಇದೆಲ್ಲ ನಮ್ಮ ಆಟ ಗಮನಿಸುವವರ ಮುಂದೆ ಮಾತ್ರ. ನಮ್ಮ ಅತ್ತಿಗೆ ಯಾರ ಲೋಟವನ್ನೂ ನೋಡುವುದಿಲ್ಲ, ಎಲ್ಲದಕ್ಕೂ "ಬರ್ಲಿ ಬಿಡಿ" ಎಂದು ಬೀಜ ತಳ್ಳುತ್ತಾರೆ. ಹೋದ ವಾರ ಅವರನ್ನು ಹೆದರಿಸಲು ಗೌಡರು ಇಸ್ಪೀಟಿನ 7-6 ಹಿಡಿದು ಕೊನೆವರೆಗೂ ಹೋದರು. ಅತ್ತಿಗೆ ತೋರಿಸಿದ್ದು ಜೋಡಿ ಮೂರು. ಇಪ್ಪತ್ತು ಅರೇಬಿಕಾ ಹೋಯಿತು.