ಓದುಗರ ಪ್ರಶ್ನೆ: ಗದ್ದೆ, ಗಣಿ, ಕಾರ್ಖಾನೆ ಯಾವುದೂ ಇಲ್ಲದ ತುವಾಲು ಸರ್ಕಾರಕ್ಕೆ ದುಡ್ಡು ಎಲ್ಲಿಂದ ಬರುತ್ತದೆ?

ಪ್ರಶ್ನೆ: ಪೆಸಿಫಿಕ್ ಸಾಗರದ ತುವಾಲು ದೇಶದಲ್ಲಿ ಹನ್ನೊಂದು ಸಾವಿರದಷ್ಟು ಜನ ಮಾತ್ರ ಇದ್ದಾರಂತೆ. ಅಲ್ಲಿ ಬೆಳೆಯೂ ಇಲ್ಲ, ಪ್ರವಾಸಿಗರೂ ಅಷ್ಟಕ್ಕಷ್ಟೇ. 'ಡಾಟ್ ಟಿವಿ' ಎಂಬ ಇಂಟರ್ನೆಟ್ ವಿಳಾಸವನ್ನು ಬಾಡಿಗೆಗೆ ಕೊಟ್ಟೇ ದೇಶ ನಡೆಯುತ್ತಿದೆ ಎನ್ನುತ್ತಾರೆ. ಇದು ನಿಜವೇ?

ಉತ್ತರ: ಡಾಟ್ ಟಿವಿ ಬಾಡಿಗೆ ಬರುವುದು ನಿಜ, ಆದರೆ ದೇಶ ಅದೊಂದರಿಂದಲೇ ನಡೆಯುತ್ತಿಲ್ಲ. ತುವಾಲುವಿನ ಅತಿ ದೊಡ್ಡ ಸ್ವಂತ ಆದಾಯ ಟ್ಯೂನಾ ಮೀನಿನದು. ಆ ಮೀನನ್ನು ಹಿಡಿಯುವವರಲ್ಲಿ ಹೆಚ್ಚಿನವರು ಹೊರದೇಶದವರು. ತುವಾಲು ಮಾರುವುದು ಮೀನನ್ನಲ್ಲ, ತನ್ನ ಸಮುದ್ರದಲ್ಲಿ ಮೀನು ಹಿಡಿಯುವ ದಿನಗಳನ್ನು.

ಇದು ಹೇಗೆ ಸಾಧ್ಯ ಎನ್ನುವುದು ಭೂಪಟ ನೋಡಿದರೆ ತಿಳಿಯುತ್ತದೆ. ತುವಾಲುವಿನ ಒಂಬತ್ತು ದ್ವೀಪಗಳ ನೆಲ ಒಟ್ಟು ಸೇರಿಸಿದರೂ 26 ಚದರ ಕಿ.ಮೀ. ಅಷ್ಟೇ. ಆದರೆ ಉತ್ತರದ ನನುಮೆಯದಿಂದ ದಕ್ಷಿಣದ ನಿಯುಲಕಿತದವರೆಗೆ ಅವು ಐದು ಡಿಗ್ರಿ ಅಕ್ಷಾಂಶದಷ್ಟು ದೂರ ಚದುರಿಕೊಂಡಿವೆ. ಅಂತರರಾಷ್ಟ್ರೀಯ ಸಮುದ್ರ ಕಾನೂನಿನ ಪ್ರಕಾರ ಪ್ರತಿ ದ್ವೀಪದ ಸುತ್ತ 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿ.ಮೀ. ವರೆಗಿನ ಮೀನು ಆ ದೇಶದ್ದು. ದ್ವೀಪಗಳು ದೂರ ದೂರ ಇರುವುದರಿಂದ ಈ ವರ್ತುಲಗಳು ಕೂಡಿ ಏಳು ಲಕ್ಷ ಚದರ ಕಿ.ಮೀ.ಗೂ ಹೆಚ್ಚು ಕಡಲು ತುವಾಲುವಿನ ಪಾಲಿಗೆ ಬರುತ್ತದೆ. ಡಬ್ಬಿಯಲ್ಲಿ ಮಾರುವ ಸ್ಕಿಪ್‌ಜ್ಯಾಕ್ ಟ್ಯೂನಾ ಹೇರಳವಾಗಿರುವ ನೀರು ಇದು.

ತುವಾಲು ಒಂಟಿಯಾಗಿ ಚೌಕಾಸಿಗೆ ಕೂತಿದ್ದರೆ ದೊಡ್ಡ ಮೀನುಗಾರಿಕೆ ದೇಶಗಳು ಪುಡಿಗಾಸು ಕೊಟ್ಟು ಕಳಿಸುತ್ತಿದ್ದವು. ಹಾಗಾಗದಂತೆ ತಡೆದದ್ದು 1982ರ ನೌರು ಒಪ್ಪಂದ. ಪಪುವಾ ನ್ಯೂಗಿನಿ, ಕಿರಿಬಾಸ್, ಸಾಲೊಮನ್ ದ್ವೀಪಗಳು, ಮೈಕ್ರೊನೇಷ್ಯಾ, ಮಾರ್ಷಲ್ ದ್ವೀಪಗಳು, ನೌರು, ಪಲಾವು, ತುವಾಲು ಈ ಕೂಟದ ಎಂಟು ಸದಸ್ಯರು. ಈ ದೇಶಗಳು 2007ರಿಂದ ದಿನದ ಲೆಕ್ಕದ ಪದ್ಧತಿ ತಂದವು. ವರ್ಷಕ್ಕೆ ಎಲ್ಲ ಹಡಗುಗಳೂ ಸೇರಿ ಒಟ್ಟು ಎಷ್ಟು ದಿನ ಮೀನು ಹಿಡಿಯಬಹುದೆಂದು ಮೊದಲೇ ತೀರ್ಮಾನಿಸಿ, ಆ ದಿನಗಳನ್ನು ತಮ್ಮಲ್ಲಿ ಹಂಚಿಕೊಳ್ಳುತ್ತವೆ. ಆಮೇಲೆ ಪ್ರತಿ ದೇಶವೂ ತನ್ನ ದಿನಗಳನ್ನು ಹಡಗು ಕಂಪನಿಗಳಿಗೆ ಮಾರುತ್ತದೆ. ಮಲ್ಪೆ, ಮಂಗಳೂರಿನವರಿಗೆ ಗೊತ್ತಿರುವ, ಮೀನಿನ ಹಿಂಡನ್ನು ಸುತ್ತುವರಿಯುವ ಪರ್ಸೀನ್ ಬಲೆಯನ್ನೇ ಇಲ್ಲೂ ಬೀಸುವುದು, ಹಡಗು ಮಾತ್ರ ಬಹಳ ದೊಡ್ಡದು. 50 ಮೀಟರಿಗಿಂತ ಚಿಕ್ಕ ಹಡಗಿಗೆ ಒಂದು ದಿನವನ್ನು ಅರ್ಧ ದಿನವೆಂದೂ, 80 ಮೀಟರಿಗಿಂತ ಉದ್ದದ್ದಕ್ಕೆ ಒಂದೂವರೆ ದಿನವೆಂದೂ ಲೆಕ್ಕ ಹಿಡಿಯುತ್ತಾರೆ. ಹಡಗು ಎಲ್ಲಿದೆ ಎನ್ನುವುದು ಉಪಗ್ರಹದ ಮೂಲಕ ತಿಳಿಯುತ್ತದೆ. ಬಲೆಗೆ ಮೀನು ಬೀಳದಿದ್ದರೂ ಮೀನು ಹುಡುಕಿದ ದಿನದ ದುಡ್ಡು ಕೊಡಲೇಬೇಕು. ಕೂಟ ಗೊತ್ತುಮಾಡಿದ ಕನಿಷ್ಠ ದರ 2012ರಲ್ಲಿ ದಿನಕ್ಕೆ 5,000 ಅಮೆರಿಕನ್ ಡಾಲರ್ ಇತ್ತು, 2015ಕ್ಕೆ 8,000 ಆಯಿತು. ಬಡ ಪುಟ್ಟ ದೇಶಗಳು ಒಗ್ಗಟ್ಟಿನಿಂದ ಗಳಿಸಿದ ಗೆಲುವುಗಳಲ್ಲಿ ಇದರಷ್ಟು ಫಲ ಕೊಟ್ಟದ್ದು ವಿರಳ.

ಆದರೆ ಮೀನಿಗೆ ಗಡಿ ಗೊತ್ತಿಲ್ಲ. ಎಲ್ ನಿನೊ ವರ್ಷಗಳಲ್ಲಿ ಬೆಚ್ಚನೆಯ ನೀರಿನ ಜೊತೆ ಟ್ಯೂನಾ ಪೂರ್ವಕ್ಕೆ, ತುವಾಲು ಮತ್ತು ಕಿರಿಬಾಸ್ ಕಡೆಗೆ ಸರಿಯುತ್ತದೆ. ಆಗ ಅಲ್ಲಿಯ ದಿನಗಳಿಗೆ ಬೇಡಿಕೆ ಜಾಸ್ತಿ. ಇದಕ್ಕೆ ತಿರುಗುಮುರುಗಾದ ಲಾ ನಿನಾ ಬಂದರೆ ಪಪುವಾ ನ್ಯೂಗಿನಿಯ ಕಡೆಗೆ ವಾಪಸು ಹೋಗುತ್ತದೆ. ಹೀಗಾಗಿ ಆದಾಯ ವರ್ಷದಿಂದ ವರ್ಷಕ್ಕೆ ಏರುಪೇರಾಗುತ್ತದೆ. ಇನ್ನೊಂದು ತೊಡಕೂ ಇದೆ. ದಿನದ ದರ ಅಮೆರಿಕನ್ ಡಾಲರಿನಲ್ಲಿ ಬರುತ್ತದೆ, ಸರ್ಕಾರದ ಖರ್ಚು ಆಸ್ಟ್ರೇಲಿಯನ್ ಡಾಲರಿನಲ್ಲಿ ನಡೆಯುತ್ತದೆ. ತುವಾಲುವಿಗೆ ಸ್ವಂತ ನಾಣ್ಯಗಳಿವೆ, ಸ್ವಂತ ನೋಟು ಇಲ್ಲ, ಕೇಂದ್ರ ಬ್ಯಾಂಕೂ ಇಲ್ಲ. ಕೊರತೆ ಬಿದ್ದಾಗ ನೋಟು ಮುದ್ರಿಸುವ ದಾರಿಯೇ ಅದಕ್ಕಿಲ್ಲ.

ಬಜೆಟ್ಟಿನ ಕೊರತೆಯನ್ನು ತುಂಬಿಕೊಳ್ಳಲೆಂದೇ 1987ರಲ್ಲಿ ತುವಾಲು ಟ್ರಸ್ಟ್ ಫಂಡ್ ಕಟ್ಟಿದರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರಿಟನ್ ಹಾಗೂ ತುವಾಲು ಕೊಟ್ಟ ಸುಮಾರು 2.7 ಕೋಟಿ ಆಸ್ಟ್ರೇಲಿಯನ್ ಡಾಲರಿನಿಂದ ಅದು ಶುರುವಾಯಿತು. ಇಲ್ಲಿಯ ನಿಯಮ ಬಹಳ ಕಟ್ಟುನಿಟ್ಟು. ಅಸಲು ಇರುವುದು 'ಎ' ಖಾತೆಯಲ್ಲಿ. ಬೆಲೆಯೇರಿಕೆಗೆ ತಕ್ಕಂತೆ ಆ ಅಸಲು ಎಷ್ಟಿರಬೇಕೆಂದು ಪ್ರತಿ ವರ್ಷ ಲೆಕ್ಕ ಹಾಕುತ್ತಾರೆ. ಹೂಡಿಕೆಯ ಮಾರುಕಟ್ಟೆ ಬೆಲೆ ಅದಕ್ಕಿಂತ ಮೇಲಿದ್ದರೆ ಮಾತ್ರ ಹೆಚ್ಚುವರಿ ಹಣ 'ಬಿ' ಖಾತೆಗೆ ಹೋಗುತ್ತದೆ, ಸರ್ಕಾರ ತೆಗೆಯಬಹುದಾದದ್ದು ಅಲ್ಲಿಂದ. ಷೇರುಪೇಟೆ ಬಿದ್ದರೆ 'ಬಿ' ಖಾತೆಗೆ ಏನೂ ಬರುವುದಿಲ್ಲ. 2008ರ ಕುಸಿತದ ನಂತರ ಹೀಗೇ ಆಯಿತು. ಪಕ್ಕದ ನೌರು ಫಾಸ್ಫೇಟಿನಿಂದ ಬಂದ ಅಪಾರ ಸಂಪತ್ತನ್ನು ಕಳೆದುಕೊಂಡದ್ದನ್ನು ನೆನೆದರೆ ಈ ಬಿಗಿ ಎಷ್ಟು ಅಗತ್ಯ ಎನ್ನುವುದು ಅರ್ಥವಾಗುತ್ತದೆ.

ಇನ್ನು ಡಾಟ್ ಟಿವಿ. ದೇಶಗಳಿಗೆ ಎರಡಕ್ಷರದ ಸಂಕೇತ ಹಂಚುವಾಗ ತುವಾಲುವಿಗೆ ಈ ಅಕ್ಷರಗಳು ಸಿಕ್ಕಿದ್ದು ಬರೀ ಅದೃಷ್ಟ. ವಿಡಿಯೊ ಜಾಲತಾಣಗಳಿಗೆ ಇದು ಬೇಕೇ ಬೇಕು. ಅದರಿಂದ ಬಂದ ಹಣದ ನೆರವಿನಲ್ಲೇ ತುವಾಲು 2000ದಲ್ಲಿ ವಿಶ್ವಸಂಸ್ಥೆ ಸೇರಿತು. ಮುಂದೆ ವೆರಿಸೈನ್ ಎಂಬ ಕಂಪನಿ ನಡೆಸುತ್ತಿದ್ದ ಈ ವ್ಯವಹಾರ ಈಗ ಇಂಟರ್ನೆಟ್ ವಿಳಾಸ ಮಾರುವ ಗೋಡ್ಯಾಡಿ ಕಂಪನಿಯ ಕೈಯಲ್ಲಿದೆ, ವರ್ಷಕ್ಕೆ ಸುಮಾರು ಒಂದು ಕೋಟಿ ಅಮೆರಿಕನ್ ಡಾಲರ್ ಬರುತ್ತದೆ. ಮೀನಿನ ಹಾಗೆ ಇದು ಹವಾಮಾನ ನೋಡಿ ಏರಿಳಿಯುವುದಿಲ್ಲ, ಅದೇ ಇದರ ನಿಜವಾದ ಬೆಲೆ. ಮೀನು, ಡಾಟ್ ಟಿವಿ ಎರಡರ ಜೊತೆಗೆ ವಿದೇಶಿ ನೆರವು ಕೂಡಿದರೆ ಬಜೆಟ್ಟಿನ ಬಹುಪಾಲು ಆಯಿತು.

ಆ ಹಣ ಹೋಗುವುದೆಲ್ಲಿಗೆ? ದೇಶದ ದೊಡ್ಡ ಉದ್ಯೋಗದಾತ ಸರ್ಕಾರವೇ. ಅರ್ಧಕ್ಕಿಂತ ಹೆಚ್ಚು ಜನ ರಾಜಧಾನಿ ಫುನಫುತಿಯಲ್ಲಿದ್ದಾರೆ. ಅಕ್ಕಿ, ಹಿಟ್ಟು, ಸಕ್ಕರೆ, ಡೀಸೆಲ್ ಎಲ್ಲವೂ ಹಡಗಿನಲ್ಲೇ ಬರಬೇಕು. ಹವಳದ ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ನದಿಯಂತೂ ಇಲ್ಲ. ಸೂರಿನಿಂದ ಟ್ಯಾಂಕಿಗೆ ಬಿದ್ದ ಮಳೆನೀರೇ ಕುಡಿಯಲು. 2011ರ ಬರದಲ್ಲಿ ತುರ್ತು ಪರಿಸ್ಥಿತಿ ಘೋಷಿಸಿ ಮನೆಗೆ ದಿನಕ್ಕೆ 40 ಲೀಟರ್ ನೀರು ಹಂಚಬೇಕಾಯಿತು. ಪುಲಕ ಎಂಬ ಕೆಸುವಿನ ಜಾತಿಯ ಗೆಡ್ಡೆಯನ್ನು ನೆಲದಡಿಯ ಸಿಹಿನೀರಿನ ಪದರ ತಗುಲುವವರೆಗೆ ಗುಂಡಿ ತೋಡಿ, ಸೊಪ್ಪುಸದೆ ಹಾಕಿ ಬೆಳೆಯುತ್ತಾರೆ. ಸಮುದ್ರ ಏರಿ ಆ ಪದರಕ್ಕೆ ಉಪ್ಪು ಸೇರಿದರೆ ಗೆಡ್ಡೆ ಕೊಳೆಯುತ್ತದೆ.

ಸರ್ಕಾರದ ರಚನೆ ಸರಳ. ಬ್ರಿಟನ್ನಿನ ದೊರೆಯೇ ರಾಷ್ಟ್ರದ ಮುಖ್ಯಸ್ಥ, ಅವರ ಪರವಾಗಿ ಗವರ್ನರ್ ಜನರಲ್ ಇರುತ್ತಾರೆ. ಸಂಸತ್ತಿನಲ್ಲಿ 16 ಸದಸ್ಯರು, ಎಂಟು ಕ್ಷೇತ್ರಗಳಿಂದ ತಲಾ ಇಬ್ಬರು. ರಾಜಕೀಯ ಪಕ್ಷಗಳಿಲ್ಲ. ಸದಸ್ಯರೇ ಪ್ರಧಾನಿಯನ್ನು ಆರಿಸುತ್ತಾರೆ, ಒಬ್ಬಿಬ್ಬರು ಪಕ್ಕ ಬದಲಿಸಿದರೂ ಸರ್ಕಾರ ಬೀಳಬಹುದು. 2024ರ ಜನವರಿಯ ಚುನಾವಣೆಯಲ್ಲಿ ಅಂದಿನ ಪ್ರಧಾನಿ ಕೌಸಿಯಾ ನತಾನೊ ಸ್ವಂತ ಸ್ಥಾನವನ್ನೇ ಕಳೆದುಕೊಂಡರು, ಫೆಲೆತಿ ತಿಯೊ ಪ್ರಧಾನಿಯಾದರು. ದ್ವೀಪದ ಮಟ್ಟದಲ್ಲಿ ಹಿರಿಯರು ಸೇರುವ ಫಲೆಕೌಪುಲೆ ಸಭೆಗೆ 1997ರ ಕಾನೂನು ಅಧಿಕಾರ ಕೊಟ್ಟಿದೆ.

ಗಮನಿಸಿ: ಮೀನಿನ ದಿನ, ಇಂಟರ್ನೆಟ್ ಸಂಕೇತ, ಎರಡೂ ತುವಾಲುವಿಗೆ ಸಿಕ್ಕಿರುವುದು ಅದೊಂದು ದೇಶ ಎಂಬ ಕಾರಣಕ್ಕೆ. ಸಮುದ್ರಮಟ್ಟದಿಂದ ಐದು ಮೀಟರ್ ಕೂಡ ಎತ್ತರವಿಲ್ಲದ ನೆಲ ಮುಳುಗಿದರೆ ಈ ಹಕ್ಕುಗಳ ಗತಿ? ಅದಕ್ಕೇ 2023ರಲ್ಲಿ ಸಂವಿಧಾನ ತಿದ್ದಿ, ನೆಲ ಹೋದರೂ ರಾಷ್ಟ್ರ ಶಾಶ್ವತ, ಸಮುದ್ರದ ಗಡಿ ಬದಲಾಗದು ಎಂದು ಬರೆದುಕೊಂಡರು. ತುವಾಲು ಜೊತೆ ಮಾಡಿಕೊಂಡ ಫಲೆಪಿಲಿ ಒಪ್ಪಂದದಲ್ಲಿ ಆಸ್ಟ್ರೇಲಿಯಾ ಈ ನಿಲುವನ್ನು ಒಪ್ಪಿದೆ, ವರ್ಷಕ್ಕೆ 280 ತುವಾಲು ಪ್ರಜೆಗಳಿಗೆ ಚೀಟಿ ಎತ್ತಿ ವಾಸದ ವೀಸಾ ಕೊಡುತ್ತಿದೆ. 2025ರ ಜುಲೈನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವೂ ತನ್ನ ಸಲಹಾ ಅಭಿಪ್ರಾಯದಲ್ಲಿ, ಸಮುದ್ರ ಏರಿತೆಂದು ಒಮ್ಮೆ ಗೊತ್ತುಪಡಿಸಿದ ಗಡಿರೇಖೆಗಳನ್ನು ಬದಲಿಸಬೇಕಾಗಿಲ್ಲ ಎಂದಿತು. ಮೀನಿನ ದಿನಗಳನ್ನು ಮಾರುವ ಹಕ್ಕು ಈ ಗಡಿರೇಖೆಗಳ ಮೇಲೆಯೇ ನಿಂತಿದೆ.