ಜ್ವರದ ಜೊತೆಗೆ ಮೈಮೇಲೆ ದದ್ದು: ನೋಡಿದ ಮಾತ್ರಕ್ಕೆ ಕಾಯಿಲೆ ತಿಳಿಯುತ್ತದೆಯೇ?

ಪ್ರಶ್ನೆ: ನಮ್ಮ ನಾಲ್ಕು ವರ್ಷದ ಮಗನಿಗೆ ಮೂರು ದಿನ ಜ್ವರ ಬಂದು, ನಾಲ್ಕನೆಯ ದಿನವಾದ ಇಂದು ಮೈತುಂಬ ದದ್ದು ಎದ್ದಿದೆ. ಅತ್ತೆಯವರು ಇದು ಗೊಬ್ಬರ ಎಂಬ ಕಾಯಿಲೆ, ಬೇವಿನ ಎಲೆ ಕಟ್ಟಿ ಮನೆಯಲ್ಲೇ ಇಟ್ಟುಕೊಳ್ಳಿ ಎನ್ನುತ್ತಾರೆ. ಔಷಧದ ಅಂಗಡಿಯವರು ಅಲರ್ಜಿ ಎಂದರು. ವೈದ್ಯರು ವೈರಲ್ ಜ್ವರ ಎಂದು ಹೇಳಿ ಮೂರು ದಿನ ಬಿಟ್ಟು ಬರಲು ತಿಳಿಸಿದ್ದಾರೆ. ಯಾರ ಮಾತು ಸರಿ? ಯಾವ ರಕ್ತಪರೀಕ್ಷೆ ಮಾಡಿಸಬೇಕು?
– ಮುಧೋಳ ತಾಲ್ಲೂಕಿನ ಓದುಗರು

ಉತ್ತರ: ದದ್ದನ್ನು ಮಾತ್ರ ನೋಡಿ ಕಾಯಿಲೆಯ ಹೆಸರು ಹೇಳುವುದು ಅನುಭವಿ ಮಕ್ಕಳ ತಜ್ಞರಿಗೂ ಅನೇಕ ಸಲ ಸಾಧ್ಯವಾಗುವುದಿಲ್ಲ. ವೈರಸ್ ಇರಲಿ, ಔಷಧವಿರಲಿ, ದೇಹದ ರೋಗನಿರೋಧಕ ಶಕ್ತಿಯೇ ಕೆರಳಿ ಉಂಟಾದ ಉರಿಯೂತವಿರಲಿ, ಚರ್ಮದ ಸಣ್ಣ ರಕ್ತನಾಳಗಳು ಹಿಗ್ಗಿದಾಗ ಮೇಲೆ ಕಾಣುವುದು ಹೆಚ್ಚುಕಡಿಮೆ ಒಂದೇ ಬಗೆಯ ಚುಕ್ಕೆ. ಬೇರೆಬೇರೆಯಾಗಿರುವುದು ಅದು ಬರುವ ಕ್ರಮ. ಜ್ವರ ಯಾವ ದಿನ ಶುರುವಾಯಿತು, ದದ್ದು ಯಾವ ದಿನ ಎದ್ದಿತು, ಮೊದಲು ಎಲ್ಲಿ ಎದ್ದಿತು, ಅದಕ್ಕೂ ಮುನ್ನ ಯಾವ ಔಷಧ ಕೊಟ್ಟಿದ್ದಿರಿ ಎಂಬ ನಾಲ್ಕು ಸಂಗತಿಗಳನ್ನು ತಾಯಿ ತಾರೀಖಿನ ಸಮೇತ ಹೇಳಿದರೆ, ಅರ್ಧ ರೋಗನಿರ್ಣಯ ಅಲ್ಲಿಯೇ ಆಗಿರುತ್ತದೆ.

ನಿಮ್ಮ ಅತ್ತೆಯವರು ಹೇಳಿದ ಗೊಬ್ಬರವನ್ನೇ, ಅಂದರೆ ದಡಾರವನ್ನೇ ತೆಗೆದುಕೊಳ್ಳಿ. ಅದರಲ್ಲಿ ಜ್ವರದ ಜೊತೆಗೆ ಕೆಮ್ಮು, ನೆಗಡಿ, ಕಣ್ಣು ಕೆಂಪಾಗುವುದು ಮೊದಲು ಬರುತ್ತವೆ. ಕೆನ್ನೆಯ ಒಳಭಾಗದಲ್ಲಿ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು ಮೂಡಬಹುದು. ಎರಡರಿಂದ ನಾಲ್ಕು ದಿನಗಳ ಬಳಿಕ ದದ್ದು ಕಿವಿಯ ಹಿಂದೆ ಮತ್ತು ಹಣೆಯಂಚಿನಲ್ಲಿ ಎದ್ದು, ಮುಖದಿಂದ ಕೆಳಗಿಳಿಯುತ್ತದೆ, ಆಗಲೂ ಜ್ವರ ಜೋರಾಗಿಯೇ ಇರುತ್ತದೆ. ಇದಕ್ಕೆ ವಿರುದ್ಧವಾಗಿ, ಎರಡು ವರ್ಷದೊಳಗಿನ ಕೂಸುಗಳಲ್ಲಿ ಸಾಮಾನ್ಯವಾದ ರೋಸಿಯೋಲಾ ಎಂಬ ವೈರಸ್ ಸೋಂಕಿನಲ್ಲಿ ಮೂರರಿಂದ ಐದು ದಿನ ಕಾಡಿದ ಜ್ವರ ಇಳಿದ ಮೇಲೆ ದದ್ದು ಕಾಣಿಸಿಕೊಳ್ಳುತ್ತದೆ. ಕ್ಷಣಕ್ಷಣಕ್ಕೆ ಜಾಗ ಬದಲಿಸುತ್ತ ತುರಿಸುವ ಗಾದರಿಗಳಾದರೆ ಅಲರ್ಜಿಯ ಮಾತಿಗೆ ಬೆಲೆಯಿದೆ. ಆದರೆ ವೈರಸ್ ಸೋಂಕಿನಲ್ಲಿಯೂ ಗಾದರಿ ಏಳುವುದುಂಟು.

ಬೇವಿನ ಎಲೆಯ ಪದ್ಧತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ದದ್ದು ಎದ್ದ ಮಗುವನ್ನು ಬೇರೆ ಮಕ್ಕಳಿಂದ ದೂರವಿಡುವ ವಿವೇಕ ಅದರಲ್ಲಿದೆ, ದಡಾರವು ದದ್ದು ಎದ್ದ ನಾಲ್ಕು ದಿನಗಳವರೆಗೂ ಹರಡುತ್ತದೆ. ಆದರೆ ಅದೇ ನೆಪದಲ್ಲಿ ಆಸ್ಪತ್ರೆಗೆ ಹೋಗದಿದ್ದರೆ ಮಗುವಿಗೆ ಎರಡು ದಿನ ಕೊಡಬೇಕಾದ ‘ಎ’ ಜೀವಸತ್ವ ತಪ್ಪುತ್ತದೆ, ನ್ಯುಮೋನಿಯಾ ಕಣ್ಣಿಗೆ ಬೀಳದೆ ಉಳಿಯುತ್ತದೆ. ದಡಾರ-ರುಬೆಲ್ಲಾ ಲಸಿಕೆಯನ್ನು 9 ತಿಂಗಳು ತುಂಬಿದ ಮೇಲೊಮ್ಮೆ, 16ರಿಂದ 24 ತಿಂಗಳ ನಡುವೆ ಮತ್ತೊಮ್ಮೆ ಹಾಕುತ್ತಾರೆ. ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಗುಳೆ ಹೋಗುವ ನಮ್ಮ ಭಾಗದ ಕುಟುಂಬಗಳಲ್ಲಿ ಎರಡನೆಯದು ತಪ್ಪಿಹೋಗಿರುವುದನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ.

ಪುಸ್ತಕಗಳಲ್ಲಿ ‘ಕೆಂಪು ದದ್ದು’ ಎಂದಿರುತ್ತದೆ, ಆದರೆ ನಮ್ಮ ಮಕ್ಕಳ ಮೈಬಣ್ಣದಲ್ಲಿ ಅದು ಕಂದಾಗಿ, ಕೆಲವೊಮ್ಮೆ ಕಪ್ಪಾಗಿ ತೋರುತ್ತದೆ, ಅಥವಾ ತೋರುವುದೇ ಇಲ್ಲ. ಆದುದರಿಂದ ಹಗಲ ಬೆಳಕಿನಲ್ಲಿ ನೋಡಿ, ಅಂಗೈಯಿಂದ ಸವರಿ, ಕಣ್ಣು, ತುಟಿ, ನಾಲಿಗೆ, ಅಂಗೈ, ಅಂಗಾಲುಗಳನ್ನು ತಪ್ಪದೆ ಗಮನಿಸಬೇಕು.

ನನಗೆ ಹೆಚ್ಚಿನ ಕಾಳಜಿ ಇರುವುದು ‘ವೈರಲ್’ ಎಂಬ ಮಾತಿನ ಹಿಂದೆ ಮರೆಯಾಗುವ ಉರಿಯೂತದ ಕಾಯಿಲೆಗಳ ಬಗ್ಗೆ. ಜಪಾನಿನ ವೈದ್ಯ ಟೊಮಿಸಾಕು ಕವಾಸಾಕಿ 1967ರಲ್ಲಿ ವಿವರಿಸಿದ, ಅವರ ಹೆಸರಿನಿಂದಲೇ ಕರೆಯಲಾಗುವ ಕಾಯಿಲೆ ಹೆಚ್ಚಾಗಿ ಐದು ವರ್ಷದೊಳಗಿನವರಿಗೆ ಬರುತ್ತದೆ. ಐದು ದಿನ ಬಿಡದ ಜ್ವರ, ಪಿಸುರಿಲ್ಲದೆ ಎರಡೂ ಕಣ್ಣು ಕೆಂಪಾಗುವುದು, ತುಟಿ ಒಡೆದು ನಾಲಿಗೆ ಕೆಂಪಾಗುವುದು, ದದ್ದು, ಕೈಕಾಲು ಊದುವುದು, ಕುತ್ತಿಗೆಯಲ್ಲಿ ಗಂಟು ಅದರ ಲಕ್ಷಣಗಳು. ಕ್ಷಯರೋಗ ತಡೆಯುವ ಬಿಸಿಜಿ ಲಸಿಕೆ ಚುಚ್ಚಿದ ಗುರುತು ಕೆಂಪೇರಿದ್ದರೆ ಅದೂ ಒಂದು ಸುಳಿವು. ಈ ಎಲ್ಲವೂ ಒಂದೇ ದಿನ ಕಾಣಿಸುವುದಿಲ್ಲ, ಒಂದು ಮೂಡುವ ಹೊತ್ತಿಗೆ ಇನ್ನೊಂದು ಮಾಯವಾಗಿರುತ್ತದೆ. ಚಿಕಿತ್ಸೆ ಸಿಗದಿದ್ದರೆ ನಾಲ್ವರಲ್ಲಿ ಒಬ್ಬರವರೆಗೆ ಹೃದಯಕ್ಕೆ ರಕ್ತ ಒಯ್ಯುವ ನಾಳಗಳು ಉಬ್ಬಬಹುದು. ಮೊದಲ 10 ದಿನಗಳೊಳಗೆ ಇಮ್ಯುನೊಗ್ಲೋಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳು) ಹಾಕಿದರೆ ಆ ಅಪಾಯ ಬಹಳಷ್ಟು ಇಳಿಯುತ್ತದೆ. 2020ರಲ್ಲಿ ಗುರುತಿಸಲಾದ, ಕೋವಿಡ್ ತಗುಲಿದ ಎರಡರಿಂದ ಆರು ವಾರಗಳ ನಂತರ ಬರುವ ಉರಿಯೂತವೂ ಹೀಗೆಯೇ ಕಾಣುತ್ತದೆ, ಆದರೆ ಅದರಲ್ಲಿ ಹೊಟ್ಟೆನೋವು, ವಾಂತಿ, ರಕ್ತದೊತ್ತಡದ ಕುಸಿತ ಹೆಚ್ಚು. ಮೂಗಿನ ದ್ರವದಲ್ಲಿ ಯಾವುದೋ ವೈರಸ್ ಸಿಕ್ಕಿತೆಂದು ಈ ಕಾಯಿಲೆಗಳ ಅನುಮಾನವನ್ನು ಕೈಬಿಡಬಾರದು, ಏಕೆಂದರೆ ಎರಡೂ ಜೊತೆಯಲ್ಲಿ ಇರಬಹುದು.

ದನ, ಕುರಿ, ನಾಯಿಗಳ ಒಡನಾಟವಿರುವ ಮನೆಯಾದರೆ ಉಣ್ಣಿ ಕಡಿತದ ರಿಕೆಟ್ಸಿಯಾ ಜ್ವರವನ್ನೂ ನೆನಪಿಡಬೇಕು. ಇದು ವೈರಸ್ಸಿನದಲ್ಲ, ಬ್ಯಾಕ್ಟೀರಿಯಾದಿಂದ ಬರುವಂಥದ್ದು. ಅಂಗೈ ಅಂಗಾಲುಗಳಿಗೂ ಹಬ್ಬುವ ದದ್ದು ಇದರ ಗುರುತು, ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೊಟಿಕ್ ಕೊಟ್ಟರೆ ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಜ್ವರ ಇಳಿಯುತ್ತದೆ, ತಡವಾದರೆ ಜೀವಕ್ಕೇ ಅಪಾಯ. ಹೊಲದಲ್ಲಿ, ಹಟ್ಟಿಯಲ್ಲಿ ಆಡಿದ ವಿಷಯವನ್ನು ಕೇಳದಿದ್ದರೂ ವೈದ್ಯರಿಗೆ ಹೇಳಿ.

ಪರೀಕ್ಷೆಯ ವಿಚಾರಕ್ಕೆ ಬಂದರೆ, ‘ಎಲ್ಲ ರಕ್ತಪರೀಕ್ಷೆ’ ಎಂಬುದು ಇಲ್ಲ. ಕೇಳುವ ಪ್ರಶ್ನೆಗೆ ತಕ್ಕ ಪರೀಕ್ಷೆ ಇದೆ. ಡೆಂಗ್ಯೂ ಸಂದೇಹವಿದ್ದರೆ ಮೊದಲ ಐದು ದಿನಗಳಲ್ಲಿ ವೈರಸ್ಸಿನ ಪ್ರೋಟೀನನ್ನು ಹುಡುಕುವ ಎನ್‌ಎಸ್-1, ಆಮೇಲೆ ದೇಹ ತಯಾರಿಸಿದ ಪ್ರತಿಕಾಯವನ್ನು ಹುಡುಕುವ ಐಜಿಎಂ. ಪ್ಲೇಟ್‌ಲೆಟ್ ಸಂಖ್ಯೆ ಡೆಂಗ್ಯೂವಿನಲ್ಲಿ ಕುಸಿಯುತ್ತದೆ, ಕವಾಸಾಕಿಯಲ್ಲಿ ಎರಡನೆಯ ವಾರದಿಂದ ಏರುತ್ತದೆ. ಉರಿಯೂತದ ಮಟ್ಟವನ್ನು ಸಿಆರ್‌ಪಿ ತೋರಿಸುತ್ತದೆ, ಆದರೆ ಕಾರಣವನ್ನು ಹೇಳುವುದಿಲ್ಲ. ಕವಾಸಾಕಿಯ ಅನುಮಾನ ಬಂದರೆ ಹೃದಯದ ಎಕೋ (ಅಲ್ಟ್ರಾಸೌಂಡ್ ಪರೀಕ್ಷೆ) ಆಗಲೇಬೇಕು. ಆಗ ಮಕ್ಕಳ ಹೃದಯದ ಎಕೋ ಮಾಡಬಲ್ಲ ದೊಡ್ಡ ಆಸ್ಪತ್ರೆಗೆ, ಬಾಗಲಕೋಟೆಯಾಗಲಿ ಬೆಳಗಾವಿಯಾಗಲಿ, ವೈದ್ಯರ ಚೀಟಿಯೊಂದಿಗೆ ಹೋಗಿ.

ಆದುದರಿಂದ ಕಾಯಲು ಹೇಳಿದ ನಿಮ್ಮ ವೈದ್ಯರದು ತಪ್ಪಲ್ಲ, ಆದರೆ ಕಣ್ಣಿಟ್ಟು ಕಾಯಬೇಕು. ಐದನೆಯ ದಿನವೂ ಜ್ವರ ಇದ್ದರೆ, ಮೂರು ದಿನದ ಗಡುವನ್ನು ನೋಡದೆ ಮರುದಿನವೇ ಹೋಗಿ. ಪಾರದರ್ಶಕ ಗಾಜಿನ ಲೋಟದಿಂದ ಒತ್ತಿದಾಗಲೂ ಮಾಸದ ಕೆನ್ನೀಲಿ ಚುಕ್ಕೆಗಳು, ನಿಲ್ಲದ ವಾಂತಿ, ತೀವ್ರ ಹೊಟ್ಟೆನೋವು, ತಣ್ಣಗಾದ ಕೈಕಾಲು, ಏದುಸಿರು, ಎಬ್ಬಿಸಿದರೂ ಏಳದ ಮಂಪರು, ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿಯೇ ಹೊರಡಿ. ಡೆಂಗ್ಯೂವಿನಲ್ಲಿ ಜ್ವರ ಇಳಿದ ದಿನವೇ ಅಪಾಯ ಶುರುವಾಗಬಹುದು. ವೈದ್ಯರನ್ನು ಮತ್ತೆ ಕಾಣುವವರೆಗೆ ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್ ಮಾತ್ರ ಸಾಕು. ಐಬುಪ್ರೊಫೆನ್, ಆಸ್ಪಿರಿನ್‌ಗಳನ್ನು ನೀವಾಗಿ ಕೊಡಬೇಡಿ. ದದ್ದಿನ ಚಿತ್ರವನ್ನು ದಿನವೂ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ, ಹೋಗುವಾಗ ಲಸಿಕೆಯ ವಿವರವಿರುವ ತಾಯಿ ಕಾರ್ಡನ್ನೂ, ಕೊಟ್ಟ ಔಷಧಗಳ ಖಾಲಿ ಬಾಟಲಿಗಳನ್ನೂ ಕೈಚೀಲದಲ್ಲಿ ಹಾಕಿಕೊಂಡು ಹೋಗಿ.