ಹನ್ನೊಂದು ವರ್ಷದ ಟ್ರ್ಯಾಕ್ಟರಿಗೆ ಬಯೋಡೀಸೆಲ್ ಹಾಕಬಹುದೇ?

ಪ್ರಶ್ನೆ: ಅಣ್ಣಾರ, ನಂದು 45 ಎಚ್‌ಪಿ ಟ್ರ್ಯಾಕ್ಟರ್ ಐತ್ರಿ, ಹನ್ನೊಂದ್ ವರ್ಷದ್ದು. ಕಬ್ಬಿನ ಹಂಗಾಮಿನ್ಯಾಗ ಡೀಸೆಲ್ ಖರ್ಚು ತಡಿಯಾಕ ಆಗವಲ್ದು. ಒಬ್ಬರು ಕ್ಯಾನಿನ್ಯಾಗ ಬಯೋಡೀಸೆಲ್ ತಂದ್ ಕೊಡ್ತೀನಿ, ಅರ್ಧಕ್ಕರ್ಧ ಕೂಡ್ಸಿ ಹಾಕ್ರಿ, ಏನೂ ಆಗೂದಿಲ್ಲ ಅಂತಾರ. ಹಾಕಬಹುದೇನ್ರಿ? (ಜಮಖಂಡಿ ತಾಲೂಕಿನ ರೈತರೊಬ್ಬರು)

ಉತ್ತರ: ಬಯೋಡೀಸೆಲ್ ಹಾಕಬಹುದು. ಅರ್ಧಕ್ಕರ್ಧ ಬೇಡ. ಆ ಕ್ಯಾನಿನ ಮಾಲಂತೂ ಬೇಡವೇ ಬೇಡ.

ಬಾಗಲಕೋಟೆಯಲ್ಲಿ ಪಂಪ್–ನಾಝಲ್ (ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಭಾಗಗಳು) ರಿಪೇರಿ ಕೆಲಸ ಮಾಡುವ ನನಗೆ ಪ್ರತಿ ಹಂಗಾಮಿನಲ್ಲೂ ಈ ಪ್ರಶ್ನೆ ಬರುತ್ತದೆ. ಕೇಳುವವರೆಲ್ಲ ಮೊದಲು ‘ಎಷ್ಟು ಪರ್ಸೆಂಟ್?’ ಅನ್ನುತ್ತಾರೆ. ನಾನು ಮೊದಲು ಕೇಳುವುದು, ಅದನ್ನು ಯಾವ ಎಣ್ಣೆಯಿಂದ ಮಾಡಿದ್ದಾರೆ, ಹೇಗೆ ಮಾಡಿದ್ದಾರೆ ಎಂದು. ಯಾಕೆಂದರೆ ಎಣ್ಣೆಯೇ ಬೇರೆ, ಬಯೋಡೀಸೆಲ್ಲೇ ಬೇರೆ.

ರುಡಾಲ್ಫ್ ಡೀಸೆಲ್ ಕಂಡುಹಿಡಿದ ಇಂಜಿನ್ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಶೇಂಗಾ ಎಣ್ಣೆಯ ಮೇಲೆ ಓಡಿತ್ತು. ಇದನ್ನೇ ಹಿಡಿದು ‘ಹಾಗಾದರೆ ಗಾಣದ ಎಣ್ಣೆಯನ್ನೇ ಸೋಸಿ ಹಾಕಿದರಾಯಿತು’ ಅನ್ನುವವರಿದ್ದಾರೆ. ಓಡುತ್ತದೆ, ಸುಳ್ಳಲ್ಲ. ಎಷ್ಟು ದಿನ ಓಡುತ್ತದೆ ಅನ್ನುವುದೇ ಮಾತು. ನಮ್ಮ ಕಡೆ ಹುಲಗಲ ಅನ್ನುವ ಹೊಂಗೆ ಗಿಡದ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಗಟ್ಟಿ. ನಾಝಲ್ಲಿನ ತೂತು ಕೂದಲೆಳೆಯಷ್ಟು ಸಣ್ಣದು. ಅಲ್ಲಿಂದ ಡೀಸೆಲ್ ಮಂಜಿನ ಹಾಗೆ ಹೊರಬರಬೇಕು. ಗಟ್ಟಿ ಎಣ್ಣೆ ಹನಿಹನಿಯಾಗಿ ಬೀಳುತ್ತದೆ. ಹನಿ ಪೂರಾ ಉರಿಯುವುದಿಲ್ಲ. ಉರಿಯದೆ ಉಳಿದದ್ದು ನಾಝಲ್ ತುದಿಯಲ್ಲಿ ಮಸಿಯಾಗಿ ಕೂರುತ್ತದೆ, ಪಿಸ್ಟನ್ ರಿಂಗುಗಳನ್ನು ಹಿಡಿಸುತ್ತದೆ, ಸಿಲಿಂಡರಿನ ಗೋಡೆಗುಂಟ ಇಳಿದು ಇಂಜಿನ್ ಆಯಿಲ್‌ನಲ್ಲಿ ಸೇರುತ್ತದೆ.

ವಿಜಯಪುರದ ಕಡೆಯವರಿಗೆ ಇನ್ನೊಂದು ಮಾತು ಹೇಳಬೇಕು. ನಿಮ್ಮ ಅಡುಗೆಮನೆಯಲ್ಲಿ ಕುಸುಬಿ ಎಣ್ಣೆಯ ಬಾಣಲೆ ಇದ್ದರೆ ಅದರ ಹೊರಅಂಚನ್ನು ಉಗುರಿನಿಂದ ಕೆರೆದು ನೋಡಿ. ಕಂದು ಬಣ್ಣದ, ಜಿಗಟಾದ, ಸೋಪಿಗೂ ಬಗ್ಗದ ಪೊರೆಯೊಂದು ಇರುತ್ತದೆ. ಕುಸುಬಿ ಒಣಗುವ ಜಾತಿಯ ಎಣ್ಣೆ. ಬಿಸಿಗೆ, ಗಾಳಿಗೆ ಸಿಕ್ಕರೆ ವಾರ್ನಿಶ್ ಆಗುತ್ತದೆ. ಅದಕ್ಕೇ ಅದನ್ನು ಬಣ್ಣ ತಯಾರಿಸುವುದಕ್ಕೂ ಬಳಸುತ್ತಾರೆ. ಬಾಣಲೆಯ ಆ ಪೊರೆ ನಾಝಲ್ ಸೂಜಿಯ ಮೇಲೆ ಕೂತರೆ ಏನಾದೀತು ನೀವೇ ಯೋಚಿಸಿ. ಸೂಜಿಗೂ ಅದರ ಮನೆಗೂ ನಡುವಿನ ಸಂದು ಕೆಲವೇ ಮೈಕ್ರಾನ್.

ಈ ಎಣ್ಣೆಯನ್ನು ಬಯೋಡೀಸೆಲ್ ಮಾಡಬೇಕಾದರೆ ಅದರ ಗುಣವನ್ನೇ ಬದಲಿಸಬೇಕು. ನೂರು ಲೀಟರ್ ಎಣ್ಣೆಗೆ ಸುಮಾರು ಇಪ್ಪತ್ತು ಲೀಟರ್ ಮೆಥನಾಲ್, ಜೊತೆಗೆ ಸ್ವಲ್ಪ ಕಾಸ್ಟಿಕ್ ಸೋಡಾ ಸೇರಿಸಿ, 60 ಡಿಗ್ರಿ ಆಸುಪಾಸಿನಲ್ಲಿ ಕಲಕುತ್ತಾರೆ. ಎಣ್ಣೆ ಒಡೆದು ಗ್ಲಿಸರಿನ್ ಕೆಳಗಿಳಿಯುತ್ತದೆ, ತೆಳುವಾದ ಬಯೋಡೀಸೆಲ್ ಮೇಲೆ ನಿಲ್ಲುತ್ತದೆ. ಅದರ ಗಟ್ಟಿತನ ಈಗ ಡೀಸೆಲ್ಲಿನ ಹತ್ತಿರ ಹತ್ತಿರ. ಕೆಲಸ ಇಲ್ಲಿಗೆ ಮುಗಿಯಲಿಲ್ಲ. ಉಳಿದ ಮೆಥನಾಲ್ ತೆಗೆಯಬೇಕು, ಸೋಪಿನಂಶ ಹೋಗುವ ತನಕ ನೀರಿನಲ್ಲಿ ತೊಳೆಯಬೇಕು, ಕಡೆಗೆ ನೀರಿನ ಹನಿಯೂ ಉಳಿಯದಂತೆ ಒಣಗಿಸಬೇಕು. ಕದ್ದುಮುಚ್ಚಿ ಮಾಡುವವರು ಬಿಟ್ಟುಬಿಡುವುದು ಈ ಕಡೆಯ ಮೂರು ಹಂತಗಳನ್ನೇ. ನನ್ನ ಬೆಂಚಿನ ಮೇಲೆ ಬರುವ ಹಾಳಾದ ಪಂಪುಗಳ ಕತೆ ಹೆಚ್ಚಾಗಿ ಅಲ್ಲಿಂದಲೇ ಶುರು. ನೀರು ಉಳಿದರೆ ಪಂಪಿನ ಎಲಿಮೆಂಟ್ (ಒಳಗೆ ಡೀಸೆಲ್ ಒತ್ತುವ ಭಾಗ) ತುಕ್ಕು ಹಿಡಿಯುತ್ತದೆ, ಸೋಪು ಉಳಿದರೆ ಫಿಲ್ಟರ್ ಕಟ್ಟುತ್ತದೆ, ಗ್ಲಿಸರಿನ್ ಉಳಿದರೆ ನಾಝಲ್ ತುದಿಯಲ್ಲಿ ಕಿಟ್ಟವಾಗುತ್ತದೆ.

ಎರಡು ವರ್ಷದ ಹಿಂದೆ, ಜನವರಿಯಲ್ಲಿ, ತೇರದಾಳ ಕಡೆಯ ಒಂದು ಟ್ರ್ಯಾಕ್ಟರ್ ನಸುಕಿನಲ್ಲಿ ಎರಡು ಟ್ರೇಲರ್ ಕಬ್ಬು ಹೇರಿಕೊಂಡು ನಿಂತುಬಿಟ್ಟಿತ್ತು. ಫಿಲ್ಟರ್ ಕೆಳಗಿನ ಗಾಜಿನ ಬಟ್ಟಲು ಬಿಚ್ಚಿದರೆ ಒಳಗೆ ಚಳಿಗೆ ಹೆಪ್ಪುಗಟ್ಟಿದ ತುಪ್ಪದಂಥ ಪದಾರ್ಥ. ಬೆರಳಿನಿಂದ ತೆಗೆದೆ, ಅಂಗೈ ಬಿಸಿಗೆ ಕರಗಿತು. ಪಾಮ್ ಎಣ್ಣೆಯಿಂದ ಮಾಡಿದ ಬಯೋಡೀಸೆಲ್ ಹದಿನೈದು ಡಿಗ್ರಿ ಆಸುಪಾಸಿನಲ್ಲೇ ಮಸುಕಾಗಿ ಗಟ್ಟಿಯಾಗತೊಡಗುತ್ತದೆ. ನಮ್ಮಲ್ಲಿ ಡಿಸೆಂಬರ್–ಜನವರಿಯ ನಸುಕು ಅದಕ್ಕಿಂತ ತಂಪು. ಬೇಸಿಗೆಯ ಊರು ನಮ್ಮದು ಅಂದುಕೊಂಡು ನಾವು ಇದನ್ನು ಮರೆಯುತ್ತೇವೆ. ಆ ರೈತ ಲೀಟರಿಗೆ ಉಳಿಸಿದ ದುಡ್ಡೆಲ್ಲ ಸಕ್ಕರೆ ಕಾರ್ಖಾನೆಯಲ್ಲಿ ಆ ಒಂದು ದಿನದ ಸರದಿ ತಪ್ಪಿದ್ದಕ್ಕೇ ಹೋಯಿತು. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನು ಪ್ರಮಾಣದ ಮಾತು. ಬಿ5 ಅಂದರೆ ನೂರರಲ್ಲಿ ಐದು ಭಾಗ ಬಯೋಡೀಸೆಲ್, ಬಿ20 ಅಂದರೆ ಇಪ್ಪತ್ತು. ಡೀಸೆಲ್ಲಿಗೆ ಇರುವ ಭಾರತೀಯ ಮಾನಕ ಐಎಸ್ 1460ರ ಪ್ರಕಾರ ಶೇ 7ರ ತನಕ ಬಯೋಡೀಸೆಲ್ ಬೆರೆಸಬಹುದು. ಅಂದರೆ ನೀವು ಪೆಟ್ರೋಲ್ ಪಂಪಿನಲ್ಲಿ ತುಂಬಿಸುವ ಡೀಸೆಲ್ಲಿನಲ್ಲೇ ಅದು ಇದ್ದರೂ ಇರಬಹುದು. ಅದಕ್ಕಿಂತ ಹೆಚ್ಚು, ಶೇ 20ರ ತನಕದ ಮಿಶ್ರಣಕ್ಕೆ ಐಎಸ್ 16531, ಅಪ್ಪಟ ಬಯೋಡೀಸೆಲ್ಲಿಗೆ ಐಎಸ್ 15607. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2030ರ ಹೊತ್ತಿಗೆ ದೇಶದ ಡೀಸೆಲ್ಲಿನಲ್ಲಿ ಶೇ 5 ಬಯೋಡೀಸೆಲ್ ಇರಬೇಕೆಂದು ಗುರಿ ಹಾಕಿಕೊಂಡಿದೆ. ಸರ್ಕಾರದ ಗುರಿಯೇ ಐದು ಇರುವಾಗ, ಕ್ಯಾನಿನವರು ಐವತ್ತು ಹೇಳುವುದು ನಿಮ್ಮ ಇಂಜಿನ್ನಿನ ಕಾಳಜಿಯಿಂದ ಅಲ್ಲ.

ನಿಮ್ಮದು ಹಳೆಯ ಮೆಕ್ಯಾನಿಕಲ್ ಪಂಪಿನ ಇಂಜಿನ್. ಶುದ್ಧ ಮಾಲಿನ ಬಿ5, ಬಿ7ಕ್ಕೆ ಅದು ಏನೂ ಅನ್ನುವುದಿಲ್ಲ. ಬಯೋಡೀಸೆಲ್ ಜಾರುಗುಣ ಹೆಚ್ಚಿರುವ ವಸ್ತು, ಪಂಪಿಗೆ ಒಳ್ಳೆಯದೇ. ಹೊಗೆಯೂ ಸ್ವಲ್ಪ ಕಡಿಮೆ. ಬಿ20ಕ್ಕೆ ಹೋಗಬೇಕಾದರೆ ಕಂಪನಿಯ ಕೈಪಿಡಿಯಲ್ಲಿ ಆ ಮಾತು ಇರಬೇಕು, ರಬ್ಬರ್ ಪೈಪುಗಳನ್ನೂ ನೋಡಬೇಕು. ಹಳೆಯ ರಬ್ಬರ್ ಬಯೋಡೀಸೆಲ್ಲಿನಲ್ಲಿ ಉಬ್ಬಿ ಮೆತ್ತಗಾಗುತ್ತದೆ, ಜಾಯಿಂಟಿನಲ್ಲಿ ಜಿನುಗಲು ಶುರುವಾಗುತ್ತದೆ. ಇನ್ನೊಂದು: ಬಯೋಡೀಸೆಲ್ ಕೊಳೆ ಬಿಡಿಸುತ್ತದೆ. ಹನ್ನೊಂದು ವರ್ಷ ನಿಮ್ಮ ಟ್ಯಾಂಕಿನ ತಳದಲ್ಲಿ ಕೂತ ಗಸಿಯನ್ನೆಲ್ಲ ಎಬ್ಬಿಸಿ ತಂದು ಫಿಲ್ಟರಿಗೆ ಹಾಕುತ್ತದೆ. ಮೊದಲ ಎರಡು ಟ್ಯಾಂಕಿಗೆ ಇಂಜಿನ್ ದಮ್ಮು ಕಟ್ಟಿದಂತೆ ಆದರೆ ಹೆದರಬೇಡಿ, ಫಿಲ್ಟರ್ ಬದಲಿಸಿ.

ಹೊಸ ಗಾಡಿಯವರು ಮಾತ್ರ ಎಚ್ಚರ. 2020ರಿಂದ ಬಂದ ಬಿಎಸ್6 (ಹೊಸ ಹೊಗೆ ನಿಯಮದ) ವಾಹನಗಳು, 2023ರ ಜನವರಿಯಿಂದ ಬಂದ 50 ಎಚ್‌ಪಿ ಮೇಲಿನ ಟ್ರ್ಯಾಕ್ಟರುಗಳ ಲೆಕ್ಕವೇ ಬೇರೆ. ಅವುಗಳಲ್ಲಿ ಹೆಚ್ಚಿನವು ಸಿಆರ್‌ಡಿಐ, ಅಂದರೆ ಕಂಪ್ಯೂಟರ್ ಹತೋಟಿಯಲ್ಲಿ ಭಾರಿ ಒತ್ತಡದಿಂದ ಡೀಸೆಲ್ ಚಿಮ್ಮಿಸುವ ಇಂಜಿನ್. ಒತ್ತಡ ಸಾವಿರ ಬಾರ್ ದಾಟುತ್ತದೆ, ನಾಝಲ್ ತೂತು ಇನ್ನೂ ಸಣ್ಣ. ಹೊಗೆಯ ಮಸಿ ಸುಡಲು ಕೆಲವು ಇಂಜಿನ್‌ಗಳಲ್ಲಿ ಸಿಲಿಂಡರಿಗೆ ಕೊನೆಯಲ್ಲಿ ಒಂದಿಷ್ಟು ಇಂಧನ ಬಿಡುತ್ತಾರೆ. ಬಯೋಡೀಸೆಲ್ ಬೇಗ ಆವಿಯಾಗದೆ ಕೆಳಗಿಳಿದು ಇಂಜಿನ್ ಆಯಿಲ್ ಸೇರುತ್ತದೆ. ಗೇಜ್ ಕಡ್ಡಿ ಎಳೆದು ನೋಡಿದಾಗ ಆಯಿಲ್ ಕಡಿಮೆಯಾಗುವ ಬದಲು ಹೆಚ್ಚಾಗಿದ್ದರೆ ಅದು ಖುಷಿಪಡುವ ಸಂಗತಿಯಲ್ಲ.

ಉಳಿತಾಯ ಎಷ್ಟು? ಅಪ್ಪಟ ಬಯೋಡೀಸೆಲ್ಲಿನಲ್ಲಿ ಲೀಟರಿಗೆ ಸುಮಾರು ಶೇ 8 ಶಕ್ತಿ ಕಡಿಮೆ. ಅರ್ಧಕ್ಕರ್ಧ ಹಾಕಿದರೆ ಅದೇ ಕೆಲಸಕ್ಕೆ ಶೇ 4ರಷ್ಟು ಹೆಚ್ಚು ಇಂಧನ ಬೇಕು. ದರದ ವ್ಯತ್ಯಾಸದಲ್ಲಿ ಇದನ್ನು ಕಳೆದು ನೋಡಿ.

ಮುಧೋಳ, ಸವದತ್ತಿ, ಅಥಣಿ ಕಡೆಯಿಂದ ಇನ್ನೊಂದು ಪ್ರಶ್ನೆ ಬರುತ್ತದೆ: ‘ನಮ್ಮ ಕಬ್ಬಿನದೇ ಎಥನಾಲ್, ಪೆಟ್ರೋಲಿಗೆ ಶೇ 20 ಹಾಕ್ತಾರಲ್ಲ, ಡೀಸೆಲ್ಲಿಗೆ ಯಾಕೆ ಬೇಡ?’ ಕೇಳುವುದು ನ್ಯಾಯವೇ. ಆದರೆ ಎಥನಾಲ್ ಡೀಸೆಲ್ಲಿನೊಂದಿಗೆ ಹೊಂದುವುದಿಲ್ಲ, ಚೂರು ನೀರು ಸೇರಿದರೆ ಬೇರೆಯಾಗಿ ನಿಲ್ಲುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಇಂಧನ ಒತ್ತಡಕ್ಕೇ ಹೊತ್ತಿಕೊಳ್ಳಬೇಕು. ಆ ಗುಣ ಅಳೆಯುವ ಸೀಟೇನ್ ಸಂಖ್ಯೆ ಡೀಸೆಲ್ಲಿಗೆ ಕನಿಷ್ಠ 51 ಇರಬೇಕು, ಎಥನಾಲಿಗೆ ಹತ್ತೂ ಇಲ್ಲ. ಅದಕ್ಕಿಂತ ದೊಡ್ಡ ಅಪಾಯ ಬೆಂಕಿಯದು. ಎಥನಾಲ್ ಆವಿ 13 ಡಿಗ್ರಿಯಲ್ಲೇ ಕಿಡಿಗೆ ಹೊತ್ತುತ್ತದೆ. ನಮ್ಮ ಮೇ ತಿಂಗಳಲ್ಲಿ ಅಂಥ ಟ್ಯಾಂಕಿನ ಹತ್ತಿರ ಬೀಡಿ ಸೇದಿದರೂ ಜೀವಕ್ಕೆ ಕುತ್ತು. ಡೀಸೆಲ್‌ಗೆ ಎಥನಾಲ್ ಬೆರೆಸುವ ಪ್ರಯೋಗ ಫಲಿಸಲಿಲ್ಲ, ಐಸೋಬ್ಯುಟನಾಲ್ (ಕಬ್ಬಿನಿಂದಲೇ ಮಾಡಬಹುದಾದ ಇನ್ನೊಂದು ಆಲ್ಕೋಹಾಲ್) ಬೆರೆಸಿ ನೋಡುತ್ತಿದ್ದೇವೆ ಎಂದು ಕೇಂದ್ರ ಸಚಿವ ನಿತಿನ್ ಗಡ್ಕರಿ 2025ರಲ್ಲಿ ಹೇಳಿದ್ದಾರೆ. ಅದು ಕೈಗೂಡಿದರೆ ಕಬ್ಬಿನ ಬೆಳೆಗಾರರಿಗೆ ನಿಜಕ್ಕೂ ಒಳ್ಳೆಯ ಕಾಲ.

ಬಯೋಡೀಸೆಲ್ ಕೊಳ್ಳುವುದೇ ಆದರೆ ಪರವಾನಗಿ ಇರುವ ಮಾರಾಟಗಾರರಿಂದ, ಬಿಲ್ಲಿನ ಸಮೇತ, ಐಎಸ್ 15607ರ ಪರೀಕ್ಷಾ ವರದಿ ನೋಡಿ ಕೊಳ್ಳಿ. ಮನೆಯಲ್ಲೂ ಒಂದು ಪರೀಕ್ಷೆ ಮಾಡಬಹುದು. ಗಾಜಿನ ಬಾಟಲಿಯಲ್ಲಿ ಅರ್ಧ ನೀರು, ಅರ್ಧ ಬಯೋಡೀಸೆಲ್ ಹಾಕಿ, ಮುಚ್ಚಳ ಬಿಗಿದು ಜೋರಾಗಿ ಕುಲುಕಿ ಅರ್ಧ ತಾಸು ಇಡಿ. ಒಳ್ಳೆಯ ಮಾಲಾದರೆ ನೀರು ಕೆಳಗೆ ತಿಳಿಯಾಗಿ ಬೇರೆಯಾಗುತ್ತದೆ. ನಡುವೆ ಮಜ್ಜಿಗೆಯಂಥ ಬಿಳಿ ಪದರ ನಿಂತರೆ ಅದರಲ್ಲಿ ಸೋಪಿದೆ, ವಾಪಸ್ ಕೊಡಿ. ಈ ಪರೀಕ್ಷೆಯಲ್ಲಿ ಪಾಸಾದ ಮಾತ್ರಕ್ಕೆ ಪೂರ್ತಿ ಶುದ್ಧವೆಂದೇನಲ್ಲ. ಬಯೋಡೀಸೆಲ್ ಹೆಸರಿನಲ್ಲಿ ಯಾವುದೋ ಕಾರ್ಖಾನೆಯ ಎಣ್ಣೆ ಮಾರುವವರೂ ಇದ್ದಾರೆ, ಅದು ಈ ಬಾಟಲಿಯಲ್ಲಿ ಸಿಕ್ಕಿಬೀಳುವುದಿಲ್ಲ.

ಹಂಗಾಮು ಮುಗಿದು ಗಾಡಿ ನಿಲ್ಲಿಸುವಾಗ ಟ್ಯಾಂಕಿನಲ್ಲಿ ಮಿಶ್ರಣ ಬಿಡಬೇಡಿ. ಬಯೋಡೀಸೆಲ್ ನೀರನ್ನು ಎಳೆದುಕೊಳ್ಳುತ್ತದೆ, ಕೆಲವು ತಿಂಗಳಿಗೆ ಹುಳಿಯಾಗಿ ಅಂಟಾಗುತ್ತದೆ. ಕೊನೆಯ ಟ್ಯಾಂಕು ಪೆಟ್ರೋಲ್ ಪಂಪಿನ ಡೀಸೆಲ್ಲಿನದೇ ಇರಲಿ.

ಆ ಕ್ಯಾನಿನದು ಈಗಾಗಲೇ ಟ್ಯಾಂಕಿಗೆ ಬಿದ್ದಿದೆಯಾ? ಹಾಗಿದ್ದರೆ ಇನ್ನು ಸ್ಟಾರ್ಟ್ ಮಾಡಬೇಡಿ. ಟ್ಯಾಂಕ್ ಪೂರಾ ಇಳಿಸಿ, ಬಟ್ಟಲು ತೊಳೆದು, ಎರಡೂ ಫಿಲ್ಟರ್ ಹೊಸದು ಹಾಕಿ, ಹೊಸ ಡೀಸೆಲ್ ತುಂಬಿ ಪೈಪಿನೊಳಗಿನ ಏರ್ ತೆಗೆಯಿರಿ. ಇಂಜಿನ್ ಆಯಿಲ್ ಕಡ್ಡಿ ಎಳೆದು ನೋಡಿ. ಗುರುತಿನ ಮೇಲಕ್ಕೆ ಏರಿದ್ದರೆ ಆಯಿಲ್ ಬದಲಿಸದೆ ಗಾಡಿ ಹೊರಗೆ ತೆಗೆಯಬೇಡಿ.